ಸಹಾಯ ಬೇಕು: ಡೋರಿಯನ್ ಗ್ರೇ ವಯಸ್ಸು 32 ಆ, 38 ಆ?

ಆಸ್ಕರ್ ವೈಲ್ಡ್ ಅವರ 'ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ' ಕಾದಂಬರಿ ಓದ್ತಾ ಒಂದು ಕಡೆ ಸಿಕ್ಕಿಹಾಕ್ಕೊಂಡಿದೀನಿ. ಕೈಯಲ್ಲಿ ಅದರ ಎರಡು ಆವೃತ್ತಿ ಇವೆ: 1890ರಲ್ಲಿ ಪತ್ರಿಕೆಯಲ್ಲಿ ಬಂದ 13 ಅಧ್ಯಾಯದ್ದು, 1891ರ 20 ಅಧ್ಯಾಯದ ಪುಸ್ತಕ. ಮೊದಲು ಇವನ್ನು ಹೊಂದಿಸಿ ನೋಡಿದೆ. ಪುಸ್ತಕದ 3, 5, 15ರಿಂದ 18ನೇ ಅಧ್ಯಾಯ, ಇವು ಹೊಸವು. ಹಳೆಯ ಕೊನೆಯ ಅಧ್ಯಾಯ ಒಡೆದು 19, 20 ಆಗಿದೆ. ಅಲ್ಲಿಗೆ ಲೆಕ್ಕ ಸರಿಹೋಯ್ತು.

ತೊಡಕು, ಡೋರಿಯನ್ ತನ್ನ ಚಿತ್ರ ಬರೆದ ಕಲಾವಿದ ಬೆಸಿಲ್‌ನನ್ನು ಕೊಲ್ಲುವ ರಾತ್ರಿಯದು. ಹಳೆಯದರಲ್ಲಿ ಅದು ನವೆಂಬರ್ 7, ಡೋರಿಯನ್‌ಗೆ 32 ತುಂಬುವ ಹಿಂದಿನ ದಿನ. ಪುಸ್ತಕದಲ್ಲಿ ನವೆಂಬರ್ 9, 38 ತುಂಬುವ ಹಿಂದಿನ ದಿನ! 16ನೇ ಅಧ್ಯಾಯದಲ್ಲಿ ಡೋರಿಯನ್ ಕೈಬಿಟ್ಟಿದ್ದಕ್ಕೆ ಪ್ರಾಣ ಕಳೆದುಕೊಂಡ ನಟಿ ಸಿಬಿಲ್‌ಳ ತಮ್ಮ ಜೇಮ್ಸ್ ವೇನ್ ಸೇಡಿಗಾಗಿ ಅವನನ್ನು ಹಿಡಿದು ದೀಪದ ಬೆಳಕಿಗೆ ಎಳೀತಾನೆ, ಕಾಣೋದು ಇಪ್ಪತ್ತರ ಹುಡುಗನ ಮುಖ (ಕಥೆಯಲ್ಲಿ ವಯಸ್ಸಾಗೋದು ಡೋರಿಯನ್‌ನ ಚಿತ್ರಕ್ಕೆ, ಅವನಿಗಲ್ಲ), ಅಕ್ಕ ಸತ್ತು 18 ವರ್ಷ ಆಗಿದೆ, ಇವನಾಗಿರಲ್ಲ ಅಂತ ಬಿಟ್ಟುಬಿಡ್ತಾನೆ. ಎಷ್ಟು ಭಯಂಕರ ದೃಶ್ಯ ಅದು! 38ರಲ್ಲಿ 18 ಕಳೆದರೆ 20, ಸರಿಯಾಗಿ ಕೂರುತ್ತೆ. 32 ಇಟ್ಟಿದ್ದರೆ ಈ ದೃಶ್ಯಕ್ಕೆ ಇಷ್ಟು ಬಲ ಇರ್ತಿರಲಿಲ್ಲ.

ಎರಡನ್ನೂ ಓದಿರೋರು ಹೇಳಿ: ವಯಸ್ಸು ಏರಿಸಿದ್ದು ಈ ಹೊಸ ದೃಶ್ಯಕ್ಕಾಗಿಯೇ, ಅಥವಾ ಬೇರೆ ಕಾರಣಕ್ಕಾ?