ಸ್ಕ್ವಿಡ್ ಪ್ರಾಕ್ಸಿ: ಬ್ಲಾಕ್ ಲಿಸ್ಟ್ ಹಿಡಿಯಂಗಿಲ್ಲ, ಕ್ಯಾಶ್ ತುಂಬಿದಂಗ ಸರ್ವರ್ ನಿಧಾನ

ಗದಗ_ಲ್ಯಾಬ್:
ಗದಗದಾಗ ಕಾಲೇಜು ಲ್ಯಾಬ್ ಐತ್ರಿ. ಬ್ರೌಸರಿಂದ ನೆಟ್ಟಿಗೆ ಹೋಗೋದೆಲ್ಲಾ ಸ್ಕ್ವಿಡ್ ಅನ್ನೋ ಪ್ರಾಕ್ಸಿ (ನಡುವಿನ ಸರ್ವರ್) ಮೂಲಕ ಹೋಗ್ತೈತಿ; ಬ್ಯಾಡಾದ ಸೈಟ್ ತಡಿಯೋದು, ತಂದ ಫೈಲಿನ ಪ್ರತಿ (ಕ್ಯಾಶ್) ಇಟ್ಕೊಳ್ಳೋದು ಅದರ ಕೆಲಸ. 40 ಮಷಿನ್, ಕೆಲವು ವಿಂಡೋಸ್, ಉಳಿದದ್ದು ಉಬುಂಟು. ಪ್ರಾಕ್ಸಿ ವಿಳಾಸ ಎಲ್ಲಾ ಬ್ರೌಸರಿಗೂ ಹಾಕೇತಿ, ಪೋರ್ಟ್ 3128. ಸರ್ವರಿಗೆ 4 ಜಿಬಿ ರ‍್ಯಾಮ್. ಕ್ಯಾಶ್ ಮೆಮ್ (ಮೆಮರಿಯೊಳಗಿನ ಕ್ಯಾಶ್) 2 ಜಿಬಿ, ಡಿಸ್ಕ್ ಕ್ಯಾಶ್ 200 ಜಿಬಿ ಕೊಟ್ಟೇತಿ.
ಬ್ಲಾಕ್ ಮಾಡಿದ ಸೈಟ್ ಆರಾಮ ತೆರೀತಾವು. ಡಿಸ್ಕ್ ಕ್ಯಾಶ್ ತುಂಬಿದಂಗ ಸರ್ವರ್ ಸ್ವಾಪ್‌ಗೆ (ಮೆಮರಿ ಸಾಲದ ಡಿಸ್ಕನ್ನ ಮೆಮರಿಯಂಗ ಬಳಸೋದು) ಇಳಿದು ನಿಧಾನ ಆಗ್ತೈತಿ. ಕಾಲೇಜಿನ ಒಳಗಿನ ನೋಟಿಸ್ ಪುಟ (ಎಚ್‌ಟಿಟಿಪಿ) ನಿನ್ನೇದೇ ತೋರಸ್ತೈತಿ. ರಿಫ್ರೆಶ್ ಪ್ಯಾಟರ್ನ್‌ನ್ಯಾಗ (ಕ್ಯಾಶ್ ಪ್ರತಿ ಎಷ್ಟು ಹೊತ್ತು ತಾಜಾ ಅನ್ನೋ ನಿಯಮ) ಓವರ್‌ರೈಡ್ ಎಕ್ಸ್‌ಪೈರ್ ಆಯ್ಕೆ ಹಾಕೇತಿ. ಎಲ್ಲಿ ತಪ್ಪೇತ್ರಿ?

ವಿದ್ಯಾನಗರ_ಅಡ್ಮಿನ್ (ಹುಬ್ಬಳ್ಳಿ):
ಮೊದಲ ಸ್ಕ್ವಿಡ್ ಕಾನ್ಫಿಗ್ ಫೈಲಿನ ಎಚ್‌ಟಿಟಿಪಿ ಆಕ್ಸೆಸ್ ಸಾಲುಗಳ (ಯಾರನ್ನ ಬಿಡಬೇಕು, ಯಾರನ್ನ ತಡೀಬೇಕು ಅನ್ನೋ ನಿಯಮ) ಕ್ರಮ ನೋಡ್ರಿ. ಸ್ಕ್ವಿಡ್ ಮ್ಯಾಲಿಂದ ಕೆಳಗ ಓದ್ತೈತಿ, ಮೊದಲು ಹೊಂದಿದ ಸಾಲಿಗೇ ತೀರ್ಪು ಕೊಟ್ಟು ನಿಲ್ತೈತಿ. 'ಅಲೋ ಲೋಕಲ್‌ನೆಟ್' (ಒಳಗಿನ ಮಷಿನ್‌ಗಳನ್ನ ಬಿಡು) ಮ್ಯಾಲಿದ್ದು 'ಡಿನೈ' (ತಡಿ) ಸಾಲು ಅದರ ಕೆಳಗಿದ್ರ ನಿಮ್ಮ ಲಿಸ್ಟನ್ನ ಅದು ಮುಟ್ಟೋದೇ ಇಲ್ಲ. ಸೇಫ್ ಪೋರ್ಟ್ಸ್ (ಅನುಮತಿ ಇರೋ ಪೋರ್ಟ್‌ಗಳು), ಕನೆಕ್ಟ್ (ಎಚ್‌ಟಿಟಿಪಿಎಸ್ ಟನಲ್ ಕೇಳೋ ಬೇಡಿಕೆ) ಇವುಗಳ ಡಿನೈ ಮೊದಲು, ಆಮ್ಯಾಲೆ ನಿಮ್ಮ ಬ್ಲಾಕ್ ಲಿಸ್ಟ್, ಆಮ್ಯಾಲೆ ಲೋಕಲ್‌ನೆಟ್, ಕೊನೀಗೆ ಡಿನೈ ಆಲ್. ಒಂದೇ ಸಾಲಿನ್ಯಾಗ ಎರಡು ಎಸಿಎಲ್ (ಹೊಂದಿಸಿ ನೋಡೋ ಷರತ್ತು) ಬರದ್ರ ಎರಡೂ ಹೊಂದಬೇಕು. ಎರಡರಾಗ ಯಾವುದಾರ ಒಂದು ಸಾಕು ಅನ್ನೋದಾದ್ರ ಬ್ಯಾರೆ ಬ್ಯಾರೆ ಸಾಲು ಬರೀಬೇಕು.
ಲಿಸ್ಟಿಗೆ ಡಿಎಸ್‌ಟಿ ಡೊಮೇನ್ (ಹೋಗೋ ಸೈಟಿನ ಹೆಸರು ನೋಡೋ ಎಸಿಎಲ್) ಬಳಸ್ರಿ, ಹೆಸರಿನ ಮುಂದ ಚುಕ್ಕಿ ಇರಲಿ. ಅಂದ್ರ ಉಪ-ಡೊಮೇನ್‌ಗಳೂ ಸಿಗತಾವು. ಯುಆರ್‌ಎಲ್ ರೆಜೆಕ್ಸ್ (ಪೂರಾ ವಿಳಾಸದಾಗ ಪದದ ಮಾದರಿ ಹುಡುಕೋ ಎಸಿಎಲ್) ಮ್ಯಾಲೆ ಭರವಸೆ ಬ್ಯಾಡ. ಎಚ್‌ಟಿಟಿಪಿಎಸ್‌ನ್ಯಾಗ ಪ್ರಾಕ್ಸಿಗೆ ಕಾಣೋದು ಡೊಮೇನ್, ಪೋರ್ಟ್ ಅಷ್ಟ. ಎಚ್‌ಟಿಟಿಪಿಎಸ್ ಸೈಟ್ ಬ್ಲಾಕ್ ಆದಾಗ ಸ್ಕ್ವಿಡ್‌ನ ನಿರಾಕರಣೆ ಪುಟ ಬರಂಗಿಲ್ಲ, ಬ್ರೌಸರಿನ ಟನಲ್ ಎರರ್ ಬರ್ತೈತಿ. ಅದನ್ನ ನೋಡಿ ನೆಟ್ ಹೋತು ಅಂತ ಹುಡುಗರು ದೂರು ಕೊಡ್ತಾರ, ಲ್ಯಾಬ್ ಸಹಾಯಕರಿಗೆ ಮೊದಲ ಹೇಳಿಡ್ರಿ.
ಗೇಟ್‌ವೇ ಫೈರ್‌ವಾಲ್‌ನ್ಯಾಗ ಪ್ರಾಕ್ಸಿ ಐಪಿ ಒಂದನ್ನ ಬಿಟ್ಟು ಉಳಿದವರಿಗೆ ಟಿಸಿಪಿ 80, 443 ಮತ್ತು ಯುಡಿಪಿ 443 ಮುಚ್ಚಲೇಬೇಕು. ಇಲ್ಲಾಂದ್ರ ಹುಡುಗರು ಬ್ರೌಸರಿನ ಪ್ರಾಕ್ಸಿ ಸೆಟ್ಟಿಂಗ್ ತಗದ್ರ ಮುಗೀತು, ಬ್ಲಾಕ್ ದಾಟಿ ಹೋಗ್ತಾರ.

ಹಾವೇರಿ_ನೆಟ್:
ಸ್ವಾಪ್‌ನ ಲೆಕ್ಕ ಹೀಗಿದೆ. 64-ಬಿಟ್ ಮಷಿನ್‌ನಲ್ಲಿ ಪ್ರತಿ 1 ಜಿಬಿ ಡಿಸ್ಕ್ ಕ್ಯಾಶ್‌ನ ಸೂಚಿಗೆ (ಇಂಡೆಕ್ಸ್) ಸುಮಾರು 14 ಎಂಬಿ ರ‍್ಯಾಮ್ ಬೇಕು. 200 ಜಿಬಿ ತುಂಬಿದರೆ ಸೂಚಿಯೇ 2.8 ಜಿಬಿ, ಅದರ ಮೇಲೆ ಕ್ಯಾಶ್ ಮೆಮ್ 2 ಜಿಬಿ. 4 ಜಿಬಿ ಸಾಲುವುದೇ ಇಲ್ಲ. ಡಿಸ್ಕ್ ಕ್ಯಾಶ್ 20 ಜಿಬಿಗೆ, ಕ್ಯಾಶ್ ಮೆಮ್ 512 ಎಂಬಿಗೆ ಇಳಿಸಿ.
ಕ್ಯಾಶ್ ದೊಡ್ಡದು ಮಾಡಿ ಹೆಚ್ಚಿನ ಲಾಭವೂ ಇಲ್ಲ. ಆಕ್ಸೆಸ್ ಲಾಗ್‌ನಲ್ಲಿ 'ಟಿಸಿಪಿ ಟನಲ್' ಎಂದಿರುವ ಸಾಲುಗಳೆಲ್ಲ ಎಚ್‌ಟಿಟಿಪಿಎಸ್, ಅದು ಕ್ಯಾಶ್ ಆಗದು. ನಿಮಗೆ ನಿಜವಾಗಿ ಉಳಿತಾಯವಾಗುವುದು ಎಚ್‌ಟಿಟಿಪಿಯಲ್ಲಿ ಬರುವ ಉಬುಂಟು ಪ್ಯಾಕೇಜ್‌ಗಳಲ್ಲಿ. ಮ್ಯಾಕ್ಸಿಮಮ್ ಆಬ್ಜೆಕ್ಟ್ ಸೈಜ್ (ಕ್ಯಾಶ್ ಆಗುವ ಒಂದು ಫೈಲಿನ ಗರಿಷ್ಠ ಗಾತ್ರ) ಡೀಫಾಲ್ಟ್ 4 ಎಂಬಿ ಮಾತ್ರ. 512 ಎಂಬಿ ಮಾಡಿ, ಆ ಸಾಲು ಕ್ಯಾಶ್ ಡಿರ್ (ಡಿಸ್ಕ್ ಕ್ಯಾಶ್‌ನ ಜಾಗ ಹೇಳುವ) ಸಾಲಿಗಿಂತ ಮೇಲಿರಲಿ. ಡೆಬ್ ಫೈಲ್‌ಗಳ (ಉಬುಂಟು ಪ್ಯಾಕೇಜ್ ಫೈಲ್) ರಿಫ್ರೆಶ್ ಪ್ಯಾಟರ್ನ್‌ಗೆ 129600 100% 129600 (ಕನಿಷ್ಠ, ಶೇಕಡಾ, ಗರಿಷ್ಠ) ಕೊಡಬಹುದು. ಕನಿಷ್ಠ, ಗರಿಷ್ಠದ ಲೆಕ್ಕ ನಿಮಿಷದಲ್ಲಿ, ಅಂದರೆ 90 ದಿನ. ಹೆಸರಿನಲ್ಲೇ ಆವೃತ್ತಿ ಸಂಖ್ಯೆ ಇರುವುದರಿಂದ ಹಳತಾಗುವ ಭಯವಿಲ್ಲ. ಆದರೆ ರಿಲೀಸ್, ಪ್ಯಾಕೇಜಸ್ ಫೈಲ್‌ಗಳಿಗೆ (ಪ್ಯಾಕೇಜ್‌ಗಳ ಪಟ್ಟಿ, ಹೆಸರು ಬದಲಾಗದೆ ಒಳಗಿನದು ಬದಲಾಗುತ್ತದೆ) 0 ಇಡಿ, ಇಲ್ಲದಿದ್ದರೆ 'ಹ್ಯಾಶ್ ಸಮ್ ಮಿಸ್‌ಮ್ಯಾಚ್' ಬರುತ್ತದೆ.
ನೋಟಿಸ್ ಪುಟದ ತೊಂದರೆಗೆ ಓವರ್‌ರೈಡ್ ಎಕ್ಸ್‌ಪೈರ್ ಕಾರಣ: ಸರ್ವರ್ ಹೇಳಿದ ಅವಧಿಯನ್ನು ಅದು ಲೆಕ್ಕಿಸುವುದಿಲ್ಲ. ತೆಗೆದುಬಿಡಿ. ಒಳಗಿನ ಸರ್ವರ್‌ಗೆ ಪ್ರಾಕ್ಸಿ ಬೇಕಾಗಿಯೇ ಇಲ್ಲ, ಬ್ರೌಸರ್‌ನ ಪ್ರಾಕ್ಸಿ ವಿನಾಯಿತಿ ಪಟ್ಟಿಗೆ ಅದರ ವಿಳಾಸ ಸೇರಿಸಿ.

ಗದಗ_ಲ್ಯಾಬ್:
ಕ್ರಮ ಬದಲಿಸಿದ ಮ್ಯಾಲೆ ಬ್ಲಾಕ್ ಆತ್ರಿ. ಎಚ್‌ಟಿಟಿಪಿಎಸ್‌ನೂ ಕ್ಯಾಶ್ ಮಾಡಾಕ ಎಸ್‌ಎಸ್‌ಎಲ್ ಬಂಪ್ (ಪ್ರಾಕ್ಸಿಯೇ ಗೂಢಲಿಪಿ ಬಿಚ್ಚಿ ನೋಡೋ ಸೌಲಭ್ಯ) ಹಾಕಬೇಕೇನ್ರಿ?

ವಿದ್ಯಾನಗರ_ಅಡ್ಮಿನ್ (ಹುಬ್ಬಳ್ಳಿ):
ಬ್ಯಾಡ್ರಿ. 40 ಮಷಿನಿಗೂ ನಿಮ್ಮ ಸಿಎ ಸರ್ಟಿಫಿಕೇಟ್ (ಬ್ರೌಸರ್ ಪ್ರಾಕ್ಸಿಯನ್ನ ನಂಬಾಕ ಬೇಕಾದ ಪ್ರಮಾಣಪತ್ರ) ಹಾಕಬೇಕು, ಹುಡುಗರ ಪಾಸ್‌ವರ್ಡ್, ಬ್ಯಾಂಕ್ ವ್ಯವಹಾರ ಎಲ್ಲಾ ಸರ್ವರಿನ್ಯಾಗ ಬಿಚ್ಚಿಕೊಳ್ತಾವು. ಡೊಮೇನ್ ಮಟ್ಟದ ಫಿಲ್ಟರಿಗೆ ಈಗಿರೋದ ಸಾಕು. ಬದಲಾವಣೆ ಮಾಡಿದಾಗೆಲ್ಲ 'ಸ್ಕ್ವಿಡ್ -ಕೆ ಪಾರ್ಸ್' (ಕಾನ್ಫಿಗ್ ತಪ್ಪು ಹುಡುಕೋ ಕಮಾಂಡ್) ಓಡಿಸಿ, ಎರರ್ ಇಲ್ಲ ಅಂದ್ರ ಮಾತ್ರ 'ಸ್ಕ್ವಿಡ್ -ಕೆ ರೀಕಾನ್ಫಿಗರ್' (ನಿಲ್ಲಿಸದ ಹೊಸ ಕಾನ್ಫಿಗ್ ಓದಿಸೋದು) ಕೊಡ್ರಿ. ಪೂರಾ ರೀಸ್ಟಾರ್ಟ್ ಮಾಡಿದ್ರ ಲ್ಯಾಬಿನ್ಯಾಗ ನಡದ ಡೌನ್‌ಲೋಡ್ ಎಲ್ಲಾ ಕಟ್ ಆಗ್ತಾವು.