ರಕ್ತ ಕೊಟ್ಟ ಕೈ ಕಪ್ಪಾಗಿದೆ, ನೋಯುತ್ತಿದೆ: ರಕ್ತನಿಧಿಯ ವೈದ್ಯರಿಗೆ ಪ್ರಶ್ನೆ

ಪ್ರಶ್ನೆ (ಪದವಿ ವಿದ್ಯಾರ್ಥಿ, ತೀರ್ಥಹಳ್ಳಿ ಕಡೆಯವರು):

ನಮಸ್ಕಾರ ಮೇಡಂ. ಸೋಮವಾರ ಕಾಲೇಜಿನ ಶಿಬಿರದಲ್ಲಿ ಮೊದಲ ಸಲ ರಕ್ತ ಕೊಟ್ಟೆ, 350 ಮಿ.ಲೀ., ಎಡಗೈಯಿಂದ. ಚುಚ್ಚಿದ ಮೇಲೆ ರಕ್ತ ಸರಿಯಾಗಿ ಬರುತ್ತಿಲ್ಲವೆಂದು ಸೂಜಿಯನ್ನು ಒಳಗೇ ಆಚೀಚೆ ಸರಿಸಿದರು. ಮುಗಿದಾಗ ಹತ್ತಿ ಇಟ್ಟು ಕೈ ಮಡಚಿಕೊಳ್ಳಲು ಹೇಳಿದರು. ಹಾಗೆಯೇ ಮಡಚಿಕೊಂಡು ಹೋಗಿ ಬಿಸ್ಕತ್ತು ತಿಂದು ಹಣ್ಣಿನ ರಸ ಕುಡಿದೆ. ಸಂಜೆ ಮನೆಯಲ್ಲಿ ಅಡಿಕೆ ಚೀಲ ಎತ್ತಿದೆ. ರಾತ್ರಿ ಮೊಣಕೈಯ ಒಳಮಡಿಕೆ ಊದಿಕೊಂಡಿತು. ಇಂದು ಗುರುವಾರ. ಊತ ಕಡಿಮೆಯಾಗಿದೆ, ಆದರೆ ಕಪ್ಪು-ನೀಲಿ ಬಣ್ಣ ಮುಂಗೈಯ ಅರ್ಧದವರೆಗೆ ಹರಡಿದೆ. ಕೈ ಪೂರ್ತಿ ನೀಡಿದರೆ ನೋವು. ಅಮ್ಮ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಎರಡು ಹೊತ್ತೂ ತಿಕ್ಕುತ್ತಿದ್ದಾರೆ. ಹೆಪ್ಪುಗಟ್ಟಿದ ರಕ್ತ ಹೃದಯಕ್ಕೆ ಹೋದರೆ ಏನು ಗತಿ ಎಂದು ಅಜ್ಜಿಗೆ ಚಿಂತೆ. ನಾನು ಆಸ್ಪತ್ರೆಗೆ ಹೋಗಬೇಕೇ?

ಉತ್ತರ (ರಕ್ತನಿಧಿಯ ವೈದ್ಯಾಧಿಕಾರಿ):

ಮೊದಲು ಒಂದು ಕೆಲಸ ಮಾಡಿ. ಎಡಗೈಯ ಐದೂ ಬೆರಳುಗಳನ್ನು ಅಗಲಿಸಿ, ಮುಷ್ಟಿ ಕಟ್ಟಿ, ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ. ಬೆರಳುಗಳು ಬೆಚ್ಚಗಿವೆಯೇ? ಎರಡೂ ಕೈಗಳ ಬಣ್ಣ ಒಂದೇ ಇದೆಯೇ? ಮುಟ್ಟಿದ್ದು ಎಲ್ಲ ಬೆರಳಿಗೂ ಗೊತ್ತಾಗುತ್ತದೆಯೇ? ಇವೆಲ್ಲ ಸರಿ ಇದ್ದರೆ, ಊತವೂ ಇಳಿಯುತ್ತಿರುವುದರಿಂದ, ಇಂದು ಆಸ್ಪತ್ರೆಗೆ ಓಡುವ ಅಗತ್ಯ ಕಾಣುವುದಿಲ್ಲ. ದಾನಿಗಳು ಚರ್ಮದ ಬಣ್ಣ ನೋಡಿ ಹೆದರುತ್ತಾರೆ. ನಾವು ಬಣ್ಣಕ್ಕಿಂತ ಬೆರಳುಗಳ ಕಡೆಗೇ ಹೆಚ್ಚು ಗಮನ ಕೊಡುತ್ತೇವೆ.

ಆದದ್ದೇನೆಂದರೆ, ರಕ್ತನಾಳದಿಂದ ಸ್ವಲ್ಪ ರಕ್ತ ಹೊರಗೆ ಸೋರಿ ಚರ್ಮದ ಕೆಳಗೆ ನಿಂತಿದೆ. ಸೂಜಿಯನ್ನು ಒಳಗೆ ಆಡಿಸಿದ್ದು ಒಂದು ಕಾರಣ ಇರಬಹುದು, ಚೀಲ ಎತ್ತಿದ್ದು ಇನ್ನೊಂದು. ಆದರೆ ಕೈ ಮಡಚಿದ್ದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಈ ಅಭ್ಯಾಸ ನಮ್ಮ ಸಿಬ್ಬಂದಿಯಲ್ಲೇ ಇನ್ನೂ ಪೂರ್ತಿ ಹೋಗಿಲ್ಲ. ಸೂಜಿ ಓರೆಯಾಗಿ ಒಳಹೋಗುತ್ತದೆ. ಆದ್ದರಿಂದ ಚರ್ಮದ ಮೇಲೆ ಕಾಣುವ ತೂತಿಗಿಂತ ರಕ್ತನಾಳದ ತೂತು ತುಸು ಮೇಲೆ, ತೋಳಿನ ಕಡೆಗೆ ಇರುತ್ತದೆ. ಮಡಚಿದ ಕೈಯಲ್ಲಿ ಹತ್ತಿ ಸುಮ್ಮನೆ ಸಿಕ್ಕಿಕೊಂಡಿರುತ್ತದೆಯೇ ಹೊರತು ಆ ತೂತಿನ ಮೇಲೆ ಒತ್ತಡ ಬೀಳುವುದಿಲ್ಲ. ಮತ್ತೆ ಕೈ ಬಿಡಿಸಿದಾಗ ಆಗಷ್ಟೇ ಕಟ್ಟಿಕೊಂಡ ಹೆಪ್ಪು ಕಿತ್ತುಬರುತ್ತದೆ. ಕೈಯನ್ನು ನೇರವಾಗಿ ನೀಡಿ, ಇನ್ನೊಂದು ಕೈಯ ಎರಡು ಮೂರು ಬೆರಳುಗಳಿಂದ ಐದು ನಿಮಿಷವಾದರೂ ಬಿಡದೆ ಒತ್ತಿಹಿಡಿಯುವುದು ಸರಿಯಾದ ಕ್ರಮ. ನಡುವೆ ಹತ್ತಿ ಎತ್ತಿ ರಕ್ತ ನಿಂತಿತೇ ಎಂದು ಇಣುಕಬಾರದು. ತೋಳಿಗೆ ಕಟ್ಟಿದ ಪಟ್ಟಿಯನ್ನು ಸಡಿಲಿಸದೆ ಸೂಜಿ ತೆಗೆದರೂ ಹೀಗೇ ಸೋರುತ್ತದೆ.

ಬಣ್ಣ ಕೆಳಗಿಳಿಯುತ್ತಿರುವುದು ಹೊಸದಾಗಿ ರಕ್ತ ಸೋರುತ್ತಿದೆ ಎಂಬುದರ ಲಕ್ಷಣವಲ್ಲ. ನಿಂತ ರಕ್ತ ತನ್ನ ಭಾರಕ್ಕೆ ಮುಂಗೈಯತ್ತ ಜಾರುತ್ತದೆ. ಅದರಲ್ಲಿನ ಹಿಮೋಗ್ಲೋಬಿನ್ ಒಡೆದಂತೆ ಮೊದಲು ಹಸಿರು ಬಣ್ಣದ ಬಿಲಿವರ್ಡಿನ್, ಬಳಿಕ ಹಳದಿ ಬಣ್ಣದ ಬಿಲಿರುಬಿನ್ ಆಗುತ್ತದೆ. ಹಾಗಾಗಿ ಕೆಲವು ದಿನಗಳಲ್ಲಿ ನಿಮ್ಮ ಕೈ ಹಸಿರು, ಹಳದಿಗೆ ತಿರುಗಿದರೆ ಗಾಬರಿ ಬೇಡ, ಮಾಯುತ್ತಿದೆ ಎಂದೇ ತಿಳಿಯಿರಿ. ಪೂರ್ತಿ ಹೋಗಲು ಒಂದೆರಡು ವಾರ ಬೇಕು. ಅಜ್ಜಿಗೂ ಹೇಳಿ: ಈ ರಕ್ತ ನಾಳದಿಂದ ಹೊರಗೆ ಬಂದುಬಿಟ್ಟಿದೆ. ಗಡ್ಡೆಯಾಗಿ ಹೃದಯಕ್ಕೆ ಹೋಗಲು ಅದಕ್ಕೆ ದಾರಿಯೇ ಇಲ್ಲ. ಇದ್ದಲ್ಲೇ ಸ್ವಲ್ಪಸ್ವಲ್ಪವಾಗಿ ಕರಗುತ್ತದೆ.

ಎಣ್ಣೆ ಹಚ್ಚಲಿ, ತಿಕ್ಕುವುದು ಮಾತ್ರ ಇಂದೇ ನಿಲ್ಲಲಿ. ತಿಕ್ಕಿದರೆ ಮುಚ್ಚಿಕೊಂಡ ತೂತು ಮತ್ತೆ ತೆರೆದೀತು. ಮೊದಲ ದಿನವಾಗಿದ್ದರೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಿ ಎನ್ನುತ್ತಿದ್ದೆ. ಈಗ ಅದರ ಕಾಲ ಮುಗಿದಿದೆ. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಸಲ ಇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವವನ್ನು ಹೆಚ್ಚಿಸಬಹುದು, ಸದ್ಯಕ್ಕೆ ಬೇಡ. ಕೈಯನ್ನು ಜೋಳಿಗೆ ಕಟ್ಟಿ ಇಟ್ಟುಕೊಳ್ಳಬೇಡಿ, ಬರೆಯುವುದು, ಊಟ ಮಾಡುವುದು ಎಲ್ಲ ಮಾಡಬಹುದು. ಅಡಿಕೆ ಚೀಲಕ್ಕೆ ಮಾತ್ರ ಒಂದು ವಾರ ಬೇರೆಯವರಿರಲಿ.

ಇಷ್ಟಾದರೂ ಊತ ಮತ್ತೆ ಏರಿದರೆ, ಕೈ ಬಿಗಿದು ಕಲ್ಲಾದರೆ, ಬೆರಳು ತಣ್ಣಗಾಗಿ ಬಿಳಚಿಕೊಂಡರೆ ಅಥವಾ ಮರಗಟ್ಟಿದರೆ, ಊದಿದ ಜಾಗದ ಗಂಟಿನ ಮೇಲೆ ಬೆರಳಿಟ್ಟಾಗ ನಾಡಿ ಬಡಿದಂತೆ ಮಿಡಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ, ರಾತ್ರಿಯಾದರೂ ಸರಿ. ಮಿಡಿಯುವ ಗಂಟು ಎಂದರೆ ಸೂಜಿ ಅಪಧಮನಿಗೆ, ಅಂದರೆ ಹೃದಯದಿಂದ ರಕ್ತ ತರುವ ನಾಳಕ್ಕೆ, ತಾಗಿರಬಹುದು. ಬಹಳ ಅಪರೂಪ, ಆದರೆ ಮನೆಯಲ್ಲಿ ಕುಳಿತು ಕಾಯುವಂಥದ್ದಲ್ಲ. ಜ್ವರ, ಕೀವು ಕಂಡರೂ ತೋರಿಸಿ.

ಪ್ರಶ್ನೆ (ಶಾಲಾ ಶಿಕ್ಷಕಿ, ಹುಬ್ಬಳ್ಳಿ):

ಮೇಡಂ, ನನ್ನ ಕೈ ಒಂದಿಷ್ಟೂ ಕಪ್ಪಾಗಲಿಲ್ಲ. ಆದರೆ ಸೂಜಿ ಒಳಹೋದ ಕ್ಷಣವೇ ಕೈಯುದ್ದಕ್ಕೂ ಕರೆಂಟ್ ಹೊಡೆದಂತಾಯಿತು. ಹೇಳಿದ್ದಕ್ಕೆ "ಸ್ವಲ್ಪ ತಡೆದುಕೊಳ್ಳಿ" ಎಂದರು. ಎರಡು ವಾರದ ಮೇಲೂ ಮುಂಗೈಯಲ್ಲಿ ಹೆಬ್ಬೆರಳಿನ ಬದಿಗೆ ಜೋಮು ಇದೆ. ಬಳೆ ತಾಗಿದರೂ ಚುರುಗುಟ್ಟುತ್ತದೆ.

ಉತ್ತರ:

ಮೇಲಿನವರದ್ದಕ್ಕಿಂತ ನಿಮ್ಮದನ್ನೇ ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಅವರದು ರಕ್ತನಾಳದ ತೊಂದರೆ, ನಿಮ್ಮದು ನರದ್ದು ಎಂದು ತೋರುತ್ತದೆ. ಮೊಣಕೈ ಮಡಿಕೆಯಲ್ಲಿ ಚರ್ಮಕ್ಕೆ ಸ್ಪರ್ಶ ತಿಳಿಸುವ ಸಣ್ಣ ನರಗಳು ರಕ್ತನಾಳಗಳ ಪಕ್ಕದಲ್ಲೇ, ಕೆಲವರಲ್ಲಿ ಅವುಗಳ ಮೇಲೆಯೇ ಹಾದುಹೋಗುತ್ತವೆ. ಹೊರಗಿನಿಂದ ಅವು ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ಹೀಗಾಗಿ ಸೂಜಿ ತಾಗಿದ್ದಕ್ಕೆ ಚುಚ್ಚಿದವರನ್ನು ನಾನು ದೂರುವುದಿಲ್ಲ. ಕರೆಂಟ್ ಹೊಡೆದಂತೆ ಎಂದ ಮೇಲೂ ಸೂಜಿಯನ್ನು ಹಾಗೇ ಬಿಟ್ಟದ್ದು ಮಾತ್ರ ತಪ್ಪು. ದಾನಿ ಆ ಮಾತು ಆಡಿದ ತಕ್ಷಣ ಸೂಜಿ ಹೊರಗೆ ಬರಬೇಕು, ರಕ್ತದ ಚೀಲ ಅರ್ಧಕ್ಕೇ ನಿಂತು ವ್ಯರ್ಥವಾದರೂ ಚಿಂತೆಯಿಲ್ಲ.

ಸಮಾಧಾನದ ಸಂಗತಿಯೆಂದರೆ, ನೀವು ಹೇಳುವ ಬದಿಯ ನರ ಆ ಮಟ್ಟದಲ್ಲಿ ಸ್ಪರ್ಶದ್ದು ಮಾತ್ರ, ಸ್ನಾಯುಗಳನ್ನು ನಡೆಸುವಂಥದ್ದಲ್ಲ. ಹೆಚ್ಚಿನವರಿಗೆ ಕೆಲವು ದಿನ ಅಥವಾ ವಾರಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಆದರೂ ಎರಡು ವಾರ ದಾಟಿರುವುದರಿಂದ ಒಮ್ಮೆ ವೈದ್ಯರು ಕೈ ಮುಟ್ಟಿ ನೋಡಲಿ. ಸೀಮೆಸುಣ್ಣ ಹಿಡಿಯುವಾಗ ಜಾರುವುದು, ಬೀಗ ತಿರುಗಿಸಲು ಬಲ ಸಾಲದಿರುವುದು, ಉರಿ ದಿನೇ ದಿನೇ ಹೆಚ್ಚುವುದು ಇದ್ದರೆ ತಡಮಾಡದೆ ನರರೋಗ ತಜ್ಞರ ಬಳಿ ಹೋಗಿ. ಔಷಧಿ ಅಂಗಡಿಯಲ್ಲಿ ಕೊಡುವ ಬಿ12 ಮಾತ್ರೆಯಿಂದ, ಕೊರತೆ ಇಲ್ಲದವರಿಗೆ, ನರ ಬೇಗ ಮಾಯುತ್ತದೆಂದು ನಾನು ಹೇಳಲಾರೆ.

ರಕ್ತ ಪಡೆದ ರಕ್ತನಿಧಿಗೂ ಕರೆ ಮಾಡಿ ತಿಳಿಸಿ. ಜಗಳಕ್ಕಲ್ಲ, ಅವರು ಇದನ್ನು ದಾಖಲಿಸಬೇಕು. ದಾನಿಗಳಿಗಾದ ಇಂಥ ತೊಂದರೆಗಳನ್ನು ಸಂಗ್ರಹಿಸಲೆಂದೇ ನಮ್ಮ ದೇಶದಲ್ಲಿ 2015ರ ಜೂನ್ 14ರಂದು ರಾಷ್ಟ್ರೀಯ ರಕ್ತದಾನಿ ನಿಗಾ ಕಾರ್ಯಕ್ರಮ ಆರಂಭವಾಗಿದೆ. ದಾನಿಗಳು ಬಾಯಿಬಿಡದಿದ್ದರೆ ಆ ಕಡತ ಖಾಲಿಯಾಗಿಯೇ ಉಳಿಯುತ್ತದೆ.

ಪ್ರಶ್ನೆ (ಸದಸ್ಯರೊಬ್ಬರು): ಅಷ್ಟು ದಪ್ಪ ಸೂಜಿ ಏಕೆ ಬೇಕು? ಪರೀಕ್ಷೆಗೆ ರಕ್ತ ತೆಗೆಯುವ ಸಣ್ಣ ಸೂಜಿಯಲ್ಲೇ ತೆಗೆಯಬಾರದೇ?

ಉತ್ತರ: ನಾವು ಸಾಮಾನ್ಯವಾಗಿ ಬಳಸುವುದು 16 ಗೇಜ್ ಸೂಜಿ, ಹೊರ ವ್ಯಾಸ ಸುಮಾರು 1.6 ಮಿ.ಮೀ. ಪರೀಕ್ಷೆಯ ಸೂಜಿ ಇದರ ಅರ್ಧದಷ್ಟು ಮಾತ್ರ. ಅದರಲ್ಲಿ 350 ಮಿ.ಲೀ. ತೆಗೆಯಲು ಹೊರಟರೆ ಬಹಳ ಹೊತ್ತು ಹಿಡಿದು ರಕ್ತ ನಳಿಕೆಯಲ್ಲೇ ಹೆಪ್ಪುಗಟ್ಟುತ್ತದೆ, ಕೆಂಪು ಕಣಗಳು ಇಕ್ಕಟ್ಟಿನಲ್ಲಿ ಒಡೆಯುವ ಅಪಾಯವೂ ಇದೆ. ಅಂಥ ರಕ್ತ ರೋಗಿಗೆ ಉಪಯೋಗವಿಲ್ಲ.

ಪ್ರಶ್ನೆ (ಮೊದಲ ಪ್ರಶ್ನೆ ಕೇಳಿದ ವಿದ್ಯಾರ್ಥಿ): ಬೆರಳುಗಳೆಲ್ಲ ಸರಿ ಇವೆ ಮೇಡಂ. ತಿಕ್ಕುವುದು ನಿಂತಿದೆ, ಅಮ್ಮನಿಗೆ ಸ್ವಲ್ಪ ಬೇಸರವಾಗಿದೆ. ಮತ್ತೆ ರಕ್ತ ಕೊಡಬಹುದೇ?

ಉತ್ತರ: ಧಾರಾಳವಾಗಿ. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನಗಳ ಅಂತರ ಬೇಕು. ಅಷ್ಟರಲ್ಲಿ ಈ ಕಲೆಯ ಗುರುತೂ ಇರುವುದಿಲ್ಲ. ಮುಂದಿನ ಸಲ ಬಲಗೈ ಕೊಡಿ. ಮಲಗುವ ಮೊದಲೇ, ಹಿಂದೆ ಹೀಗಾಗಿತ್ತು ಎಂದು ಹೇಳಿದರೆ ಅನುಭವಿಗಳನ್ನೇ ಕರೆಯುತ್ತಾರೆ. ಚುಚ್ಚಿದ ಮೇಲೆ ಒಳಗೆ ಹುಡುಕಾಡತೊಡಗಿದರೆ "ತೆಗೆದುಬಿಡಿ" ಎನ್ನಲು ಸಂಕೋಚ ಬೇಡ. ಕೈ ಮಡಚಿ ಎಂದರೆ, ನೇರವಾಗಿ ಒತ್ತಿಹಿಡಿಯುತ್ತೇನೆ ಎನ್ನಿ. ಅಮ್ಮನಿಗೆ ಬೆಚ್ಚಗಿನ ಬಟ್ಟೆ ಹಿಂಡಿ ಇಡುವ ಕೆಲಸ ವಹಿಸಿ.