ಸಿಂಚನಾಗೆ, ಆ ಕಾರ್ಟೂನ್ ವಿಷಯಕ್ಕೆ

ಸಿಂಚನಾ ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆ ಎದ್ದ ಮೇಲೆ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಸಂಜೆ ಆಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಪೂರ್ತಿ ಕೇಳಿಸಿಕೊ. ಉಷಾ, ನೀನೂ ಕೇಳು. ಮಗಳು ರಾತ್ರಿ ಒಂದು ಗಂಟೆಗೆ ಕೂತು ಇಂಥ ಪ್ರಶ್ನೆ ಬರೆದಿದ್ದಾಳೆ ಅಂದರೆ ನಿದ್ದೆ ಬಂದಿಲ್ಲ ಅಂತ ಅಲ್ವಾ?

ಮೋಹನ ಈ ಗ್ರೂಪಿನಲ್ಲಿ ಮೇಲೆ ಹೋಗಿ ಹಳೇ ಮೆಸೇಜ್ ಓದುವವನಲ್ಲ, ಅವನಿಗೋಸ್ಕರ ಹೇಳಿಬಿಡುತ್ತೇನೆ. ಇವಳು ರಿಕ್ ಆಂಡ್ ಮಾರ್ಟಿ ಅನ್ನೋ ಕಾರ್ಟೂನ್ ನೋಡುತ್ತಿದ್ದಾಳೆ. ದೊಡ್ಡವರ ಕಾರ್ಟೂನ್ ಮೋಹನ, ಮಕ್ಕಳಿಗೆ ಹಾಕಿಕೊಡಬೇಡ. ಇವಳಿಗೆ ಅದು ಪ್ರಾಣ. ಆದರೆ ಅದರ ಫ್ಯಾನ್‌ಗಳು ಅಂದರೆ ಜನ ಮೂಗು ಮುರಿಯುತ್ತಾರಂತೆ. ಹೆಂಗಸರನ್ನು ಬೈಯುತ್ತಾರೆ, ಬುದ್ಧಿ ಇರೋದೇ ತಮಗೆ ಅನ್ನೋ ಹಾಗೆ ಆಡುತ್ತಾರೆ. ಆಫೀಸಿನಲ್ಲಿ ಯಾರೋ ಇವಳಿಗೆ 'ಓ, ನೀನೂ ಆ ಗ್ಯಾಂಗಾ?' ಅಂದಳಂತೆ. ಅವತ್ತಿನಿಂದ ಎಪಿಸೋಡ್ ಹಾಕಿದರೆ ಮೊದಲಿನ ಖುಷಿ ಇಲ್ಲವಂತೆ. ನೋಡೋದು ಬಿಟ್ಟುಬಿಡಲಾ ದೊಡ್ಡಮ್ಮಾ ಅಂತ ಕೇಳಿದ್ದಾಳೆ.

ಮೊದಲು ನನಗೆ ಒಂದು ಹೇಳು. ನಿನ್ನ ಅಕೌಂಟಿನಲ್ಲಿ ಫೋಟೋ ಇದೆಯಾ? ನಿನ್ನದು, ಅಮ್ಮನದು, ಮನೆಯವರದು? ಇದ್ದರೆ ಆ ಅಕೌಂಟಿನಿಂದ ಯಾವ ಫ್ಯಾನ್ ಗುಂಪಿಗೂ ಕಾಲಿಡಬೇಡ. ಯಾಕೆ ಅಂತ ನನ್ನ ಮಗಳು ಶ್ವೇತಾಗೆ ಚೆನ್ನಾಗಿ ಗೊತ್ತು. ಉಳಿದವರಿಗೆ ಅರ್ಧಂಬರ್ಧ ಗೊತ್ತಿದೆ, ಇವತ್ತು ಪೂರ್ತಿ ಹೇಳುತ್ತೇನೆ.

ನಿಮ್ಮ ದೊಡ್ಡಪ್ಪ ಆಗ ರಿಟೈರ್ ಆದ ಹೊಸತು. ಅಷ್ಟು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವರು ಮನೆಯಲ್ಲಿ ಕೂತು ಚಡಪಡಿಸುತ್ತಿದ್ದರು. ಪ್ರಶಾಂತ ಬಂದು ಬ್ರೇಕಿಂಗ್ ಬ್ಯಾಡ್ ಅನ್ನೋ ಅಮೆರಿಕದ ಸೀರಿಯಲ್ ಹಾಕಿಕೊಟ್ಟ. ಹೀರೋ ಕೆಮಿಸ್ಟ್ರಿ ಮೇಷ್ಟ್ರು, ದೊಡ್ಡಪ್ಪನಿಗೆ ಹಿಡಿಸುತ್ತದೆ ಅಂದ. ಮೇಷ್ಟ್ರು ಡ್ರಗ್ಸ್ ಮಾಡುತ್ತಾರೆ ಅನ್ನೋದನ್ನು ಮಾತ್ರ ಹೇಳಲಿಲ್ಲ. ಕತೆ ಎಲ್ಲರಿಗೂ ಗೊತ್ತಲ್ಲ. ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಹೆಂಡತಿ ಮಕ್ಕಳಿಗೆ ದುಡ್ಡು ಮಾಡಿಡಬೇಕು ಅಂತ ಶುರು ಮಾಡಿದವನು ಆಮೇಲೆ ನಿಲ್ಲಿಸುವುದೇ ಇಲ್ಲ. 2008ರಿಂದ 2013ರವರೆಗೆ ಬಂದದ್ದು, ಐದು ಸೀಸನ್, 62 ಎಪಿಸೋಡ್. ನಾವು ನೋಡಿದ್ದು ಎಲ್ಲ ಮುಗಿದ ಮೇಲೆ. ಇವರ ಜೊತೆ ನೋಡೋದು ಅಂದರೆ ಪಾಠ ಕೇಳಿದ ಹಾಗೇ. ಹೈಡ್ರೋಫ್ಲೋರಿಕ್ ಆಸಿಡ್ ಬಂದಾಗ ನಿಲ್ಲಿಸಿದರು ನೋಡು, 'ಇದು ಗಾಜನ್ನೂ ತಿನ್ನುತ್ತದೆ, ಅದಕ್ಕೇ ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡೋದು, ಮೇಷ್ಟ್ರ ಜೊತೆಗಿರುವ ಆ ಹುಡುಗ ಬಾತ್‌ಟಬ್ಬಿಗೆ ಸುರಿಯಬಾರದಿತ್ತು' ಅಂತ ಅರ್ಧ ಗಂಟೆ. ನನಗೆ ಆಸಿಡ್ ಬೇಡ ಏನೂ ಬೇಡ. ನನ್ನ ಕಣ್ಣೆಲ್ಲ ಆ ಹೆಂಡತಿ ಮೇಲೆ, ಸ್ಕೈಲರ್ ಮೇಲೆ.

ಬಸುರಿ ಹೆಂಗಸು. ಗಂಡ ಹೊತ್ತಲ್ಲದ ಹೊತ್ತಿನಲ್ಲಿ ಮಾಯ ಆಗುತ್ತಾನೆ. ಗುಟ್ಟಾಗಿ ಇನ್ನೊಂದು ಫೋನ್ ಇಟ್ಟುಕೊಂಡು ಇಲ್ಲವೇ ಇಲ್ಲ ಅನ್ನುತ್ತಾನೆ. ಬಾಯಿ ಬಿಟ್ಟರೆ ಸುಳ್ಳು. ಇದೇನು ನಡೆಯುತ್ತಿದೆ ಅಂತ ಅವಳು ಕೇಳಿದರೆ ಅವಳೇ ರಾಕ್ಷಸಿ! ನಾನು ಒಂದು ಫ್ಯಾನ್ ಗುಂಪಿಗೆ ಸೇರಿದ್ದೆ. ಶ್ವೇತಾಳೇ ಸೇರಿಸಿದ್ದು, ಟೈಮ್ ಪಾಸ್ ಆಗುತ್ತದೆ ಅಂತ. ಅಲ್ಲಿ ದಿನಾ ಅವಳನ್ನು ಬೈಯುವುದೇ ಕೆಲಸ. ಒಂದು ದಿನ ತಡೆಯದೆ ಬರೆದೆ. 'ಕೊಲೆ ಮಾಡುವವನು ಹೀರೋ, ಪ್ರಶ್ನೆ ಕೇಳುವವಳು ವಿಲನ್. ನಿಮ್ಮ ಮನೆಯ ಹೆಣ್ಣುಮಕ್ಕಳಿಗೂ ಇದೇ ಲೆಕ್ಕವಾ?' ಇಷ್ಟೇ ಬರೆದದ್ದು. ಇವತ್ತೂ ಅದನ್ನೇ ಬರೆಯುತ್ತೇನೆ.

ಅಬ್ಬಬ್ಬಾ, ಮುಗಿಬಿದ್ದರು. ಮುದುಕಿ ಅಂದರು, ಸರಿ, ಅದು ನಿಜವೇ. ಆಮೇಲೆ ಅಂದದ್ದನ್ನು ಈ ಗ್ರೂಪಿನಲ್ಲಿ ಹೇಳಲು ಆಗುವುದಿಲ್ಲ, ಮಕ್ಕಳಿದ್ದಾರೆ. ಅಷ್ಟಕ್ಕೇ ನಿಂತಿದ್ದರೆ ನಾನು ಲೆಕ್ಕಕ್ಕೆ ಇಡುತ್ತಿರಲಿಲ್ಲ. ನನ್ನ ಪ್ರೊಫೈಲಿನಲ್ಲಿ ನಮ್ಮೆಲ್ಲರ ಫೋಟೋ ಇತ್ತು. ಒಬ್ಬ ಅದರಿಂದ ಶ್ವೇತಾಳನ್ನು ಹುಡುಕಿದ. ಅವಳು ಆಗ ತಾನೇ ಕೆಲಸಕ್ಕೆ ಸೇರಿದ್ದಳು. ಅವಳಿಗೆ ನೇರ ಮೆಸೇಜ್. ನಿಮ್ಮ ಅಮ್ಮನಿಗೆ ಬಾಯಿ ಮುಚ್ಚಿಕೊಂಡಿರಲು ಹೇಳು, ಇಲ್ಲದಿದ್ದರೆ ನೀನು ಎಲ್ಲಿ ಕೆಲಸ ಮಾಡುತ್ತೀಯ ಅಂತ ನಮಗೆ ಗೊತ್ತು, ಅಂತ. ಅದರ ಕೆಳಗೆ, ನನಗೆ ಹೊಟ್ಟೆ ಉರಿಸಲಿಕ್ಕೆ, ಕೊನೆಯ ಸೀಸನ್ನಿನಲ್ಲಿ ಯಾರು ಯಾರು ಸಾಯುತ್ತಾರೆ ಅಂತ ಪಟ್ಟಿ. ಯಾರು ಅಂತ ನಾನು ಈಗ ಹೇಳುವುದಿಲ್ಲ, ಉಷಾ ಇನ್ನೂ ನೋಡಿಲ್ಲ.

ಹುಡುಗಿ ಹೆದರಿ ಅಳುತ್ತಾ ಫೋನ್ ಮಾಡಿದಳು. ನಿಮ್ಮ ದೊಡ್ಡಪ್ಪ ಎರಡು ದಿನ ನನ್ನ ಜೊತೆ ಮಾತಿಲ್ಲ. ತಪ್ಪು ಮಾಡಿದವನು ಎಲ್ಲೋ ಆರಾಮಾಗಿ ಇದ್ದ, ಮಾತು ಬಿಟ್ಟದ್ದು ಮನೆಯೊಳಗೆ!

ಅದಕ್ಕೇ ಹೇಳುವುದು. ಎರಡನೇ ಸಲ ಹೇಳುತ್ತಿದ್ದೇನೆ, ಪ್ರಶಾಂತ ನಗಬೇಡ. ಮನೆಯವರ ಫೋಟೋ ಇರುವ ಅಕೌಂಟಿನಿಂದ ಆ ಗುಂಪುಗಳಿಗೆ ಕಾಲಿಡಬೇಡ. ಬೈಗುಳ ನಿನಗೆ ಬಂದರೆ ನೀನು ಸಹಿಸಿಕೊಳ್ಳಬಹುದು. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡವರು ಏನು ಮಾಡಿದ್ದರು?

ಇದು ನನಗೊಬ್ಬಳಿಗೆ ಆದದ್ದು ಅಂದುಕೊಂಡಿದ್ದೆ. ಆಮೇಲೆ ಶ್ವೇತಾ ಒಂದು ಲೇಖನ ಓದಿ ಹೇಳಿದಳು. ಸ್ಕೈಲರ್ ಪಾತ್ರ ಮಾಡಿದ ಆನಾ ಗನ್ ಬರೆದದ್ದು. 2013ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದಿತ್ತು. ಆ ಪಾತ್ರವನ್ನು ದ್ವೇಷಿಸುವುದಕ್ಕೇ ಪೇಜುಗಳು ಇದ್ದವಂತೆ, ಅವಕ್ಕೆ ಸಾವಿರಾರು ಲೈಕುಗಳು. ಬರಬರುತ್ತಾ ಪಾತ್ರದ ಮೇಲಿನ ಸಿಟ್ಟು ಅವಳ ಮೇಲೇ ತಿರುಗಿತು. ಅವಳು ಎಲ್ಲಿ ಸಿಗುತ್ತಾಳೆ ಹೇಳಿ, ಕೊಲ್ಲಬೇಕು ಅಂತ ಒಬ್ಬರು ಬರೆದದ್ದನ್ನು ಅವಳು ತನ್ನ ಕಣ್ಣಿನಿಂದಲೇ ಓದಿದಳು. ಗಂಡನ ಮಾತಿಗೆ ತಲೆ ಆಡಿಸದ ಹೆಂಡತಿಯನ್ನು ಜನರಿಗೆ ಸಹಿಸಲು ಆಗುವುದಿಲ್ಲ, ಇದು ಅದರ ಸಿಟ್ಟು ಅಂತ ಅವಳಿಗೆ ಅನ್ನಿಸಿತಂತೆ. ಅದೇ ಪಾತ್ರಕ್ಕೆ ಅವಳಿಗೆ 2013ರಲ್ಲೂ 2014ರಲ್ಲೂ ಎಮ್ಮಿ, ಅಂದರೆ ಅಮೆರಿಕದ ಟಿವಿಯವರ ದೊಡ್ಡ ಪ್ರಶಸ್ತಿ ಬಂತು. ಅಷ್ಟು ಚೆನ್ನಾಗಿ ಮಾಡಿದ್ದಕ್ಕೇ ಅಷ್ಟು ಬೈಗುಳ, ನೋಡು ಹೇಗಿದೆ.

ಆದರೆ ಸಿಂಚನಾ, ನನಗೆ ಆದ ನಿಜವಾದ ನಷ್ಟ ಬೇರೆ. ಅದಾದ ಮೇಲೆ ಸ್ಕೈಲರ್ ತೆರೆ ಮೇಲೆ ಬಂದರೆ ನನಗೆ ಅವಳ ಮಾತು ಕೇಳುತ್ತಿರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಈಗ ಆ ಗುಂಪಿನವರು ಏನನ್ನುತ್ತಾರೆ ಅಂತ ಮನಸ್ಸು ಓಡುತ್ತಿತ್ತು. ಅವಳ ಪರ ವಾದ ಮಾಡುತ್ತಾ ಕೂರುತ್ತಿದ್ದೆ, ಅದೂ ಎದುರಿಗೆ ಯಾರೂ ಇಲ್ಲದೆ. ಅವಳೂ ಕೊನೆಕೊನೆಗೆ ಆ ಕೊಳಕು ದುಡ್ಡಿನ ಲೆಕ್ಕ ಬರೆಯಲು ಕೂರುತ್ತಾಳೆ, ಗೊತ್ತಲ್ಲ. ಅದನ್ನು ನೋಡಿ 'ಛೆ, ನೀನೂನಾ' ಅನ್ನಬೇಕಿತ್ತು. ಅನ್ನಲಿಲ್ಲ. ಅಂದರೆ ಆ ಗುಂಪಿಗೆ ಸೋತ ಹಾಗೆ ಅನ್ನಿಸುತ್ತಿತ್ತು. ನಿನಗೆ ಈಗ ಖುಷಿ ಇಲ್ಲ ಅಂದೆಯಲ್ಲ, ಅದು ಇದೇ. ಶೋ ಕೆಟ್ಟಿಲ್ಲ. ನೀನು ನೋಡುವಾಗ ನಿನ್ನ ತಲೆಯಲ್ಲಿ ಇನ್ನೊಂದಷ್ಟು ಜನ ಕೂತಿದ್ದಾರೆ.

ಇರು, ದೊಡ್ಡಪ್ಪ ಏನೋ ಕೂಗುತ್ತಿದ್ದಾರೆ... ಕನ್ನಡಕವಂತೆ. ತಲೆ ಮೇಲೇ ಇದೆ.

ಏನು ಹೇಳುತ್ತಿದ್ದೆ? ಹಾಂ, ಜೊತೆಗೆ ನೋಡುವವರು. ಇದನ್ನು ಹೇಳಲೇಬೇಕು, ತಪ್ಪು ತಿಳಿಯಬೇಡಿ. ಜನ ಈ ಗುಂಪುಗಳಿಗೆ ಯಾಕೆ ಹೋಗುತ್ತಾರೆ? ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಅದಕ್ಕೆ. ನಾನು ಇಲ್ಲಿ ಯಾವುದಾದರೂ ಶೋ ಬಗ್ಗೆ ನಾಲ್ಕು ಸಾಲು ಬರೆದರೆ ಒಬ್ಬರಾದರೂ ಉತ್ತರ ಕೊಟ್ಟಿದ್ದೀರಾ? ಮೋಹನ ದಿನಾ ಕಳಿಸುವ ಗುಲಾಬಿ ಹೂವಿಗೆ ಸಾಲು ಸಾಲು ಕೈ ಮುಗಿಯುತ್ತೀರಿ. ನನ್ನ ಮೆಸೇಜಿಗೆ ನೀಲಿ ಗೆರೆ ಮಾತ್ರ. ಪ್ರಶಾಂತ ಹಿಂದೊಮ್ಮೆ, ಶೋ ನೋಡುವ ಆಪ್‌ನಲ್ಲಿ ಅದೇನೋ ಒಂದು ಅಕೌಂಟು ಒಂದೇ ಮನೆಯವರಿಗೆ ಅನ್ನೋ ನಿಯಮ ಬಂತು ಅಂತ ಅದರಲ್ಲಿದ್ದ ನನ್ನ ಪ್ರೊಫೈಲನ್ನೇ ಅಳಿಸಿದ. ಒಂದು ಮಾತು ಕೇಳಬಾರದಿತ್ತಾ? ನಾನು ಎಲ್ಲಿಯವರೆಗೆ ನೋಡಿದ್ದೆ ಅನ್ನೋದೆಲ್ಲ ಹೋಯಿತು. ಈಗ ಬೇರೆ ತೆಗೆಸಿಕೊಂಡಿದ್ದೇವೆ, ಅದರಲ್ಲಿ ಇನ್ನೊಂದು ಕಾಟ. ಎಪಿಸೋಡ್ ಮುಗಿದು ಹೆಸರುಗಳು ಬರುವಷ್ಟರಲ್ಲಿ ತೆರೆ ಚಿಕ್ಕದಾಗಿ ಮುಂದಿನದು ಶುರು. ಬರೆದವರು ಯಾರು ಅಂತ ಓದೋಕೂ ಬಿಡುವುದಿಲ್ಲ. ಆಮೇಲೆ ಜನಕ್ಕೆ ನಟಿಯ ಮುಖ ಬಿಟ್ಟು ಬೇರೆ ಯಾರು ಗೊತ್ತಿರುತ್ತಾರೆ? ಸಿಟ್ಟು ಬಂದರೆ ಅವಳನ್ನೇ ಬೈಯುತ್ತಾರೆ.

ಬರೆದವರು ಅಂದ ಮೇಲೆ ನೆನಪಾಯಿತು. ನಿನ್ನ ಪ್ರಶ್ನೆಗೆ ನಾನು ಉತ್ತರವನ್ನೇ ಹೇಳಿಲ್ಲ ಅಲ್ವಾ!

ನೋಡು ಪುಟ್ಟಿ, ನಿನ್ನ ಕಾರ್ಟೂನನ್ನು ಶ್ವೇತಾ ಜೊತೆ ಕೂತು ನಾನೂ ಸ್ವಲ್ಪ ನೋಡಿದ್ದೇನೆ. ಆ ತೇಗುವ ವಿಜ್ಞಾನಿ ಅಜ್ಜ ರಿಕ್‌ನನ್ನು ಕಂಡರೆ ನನಗೆ ಆಗುವುದಿಲ್ಲ, ಆ ಮಾತು ಬೇರೆ. ಆದರೆ ಅವನು ತನ್ನನ್ನೇ ಉಪ್ಪಿನ ಸೌತೆಕಾಯಿ ಮಾಡಿಕೊಳ್ಳುವ ಎಪಿಸೋಡ್ ಇದೆಯಲ್ಲ, 2017ರದ್ದು, ಅದು ನನಗೆ ಹಿಡಿಸಿತು. ಮನೆಯವರ ಜೊತೆ ಕೌನ್ಸೆಲಿಂಗಿಗೆ ಹೋಗುವುದನ್ನು ತಪ್ಪಿಸಿಕೊಳ್ಳಲು ಅಷ್ಟೆಲ್ಲ ಮಾಡುತ್ತಾನೆ. ಕೊನೆಗೆ ಆ ಡಾಕ್ಟರಮ್ಮ ತಣ್ಣಗೆ ಕೂತು, ಇಷ್ಟು ಬುದ್ಧಿ ಇಟ್ಟುಕೊಂಡು ನೀನು ಮಾಡುತ್ತಿರುವುದು ಏನು ಅಂತ ಅವನ ಚಳಿ ಬಿಡಿಸುತ್ತಾಳೆ. ಬುದ್ಧಿವಂತ ಅಂತ ಮೆರೆಯುವವನ ಬಗ್ಗೆ ಶೋ ಏನು ಹೇಳುತ್ತದೆ ಅಂತ ಅಲ್ಲೇ ಇದೆ. ಅವನ ಹಾಗೆ ಆಗಬೇಕು ಅಂತ ಕುಣಿಯುವ ಫ್ಯಾನ್‌ಗಳು ಅದನ್ನು ಯಾವ ಕಣ್ಣಿಂದ ನೋಡಿದರೋ.

ಅದನ್ನು ಬರೆದವಳು ಜೆಸಿಕಾ ಗಾವ್. ಆ ಸೀಸನ್ನಿಗೆ ಹೆಣ್ಣುಮಕ್ಕಳನ್ನು ಬರೆಯಲು ತೆಗೆದುಕೊಂಡರು ಅಂತಲೇ ಒಂದಷ್ಟು ಫ್ಯಾನ್‌ಗಳು ಅವರ ಮೇಲೆ ಬಿದ್ದರು. ಅವರ ಖಾಸಗಿ ವಿವರಗಳನ್ನು ಹುಡುಕಿ ಹಾಕಿದರು. ಫೋಟೋ ವಿಷಯ ನಾನು ಸುಮ್ನೆ ಹೇಳುವುದಿಲ್ಲ, ಗೊತ್ತಾಯಿತಾ? ಶೋ ಶುರು ಮಾಡಿದ ಇಬ್ಬರಲ್ಲಿ ಒಬ್ಬ ಡ್ಯಾನ್ ಹಾರ್ಮನ್. ಅವನು ಸಂದರ್ಶನದಲ್ಲಿ ಈ ಫ್ಯಾನ್‌ಗಳನ್ನು ಚೆನ್ನಾಗಿ ಜಾಡಿಸಿದ. ಶೋ ಇವರಪ್ಪನ ಆಸ್ತಿಯಾ, ಅದನ್ನು ಕಾಪಾಡುತ್ತೇವೆ ಅನ್ನಲು ಇವರು ಯಾರು ಅನ್ನೋ ಧಾಟಿ. ಮುಂದಿನ ವರ್ಷ ಆ ಎಪಿಸೋಡಿಗೇ ಎಮ್ಮಿ ಬಂತು. ಬೈಸಿಕೊಂಡವಳು ಬರೆದದ್ದಕ್ಕೆ!

ಆ ಸಾಸ್ ಗಲಾಟೆಯೂ ಗೊತ್ತಿರಬೇಕು ನಿನಗೆ. ಶೋನಲ್ಲಿ ತಮಾಷೆಗೆ ಅಂದ ಒಂದು ಸಾಸನ್ನು 2017ರ ಅಕ್ಟೋಬರ್ 7ರಂದು ಮೆಕ್‌ಡೊನಾಲ್ಡ್ಸ್‌ನವರು ಅಮೆರಿಕದಲ್ಲಿ ಒಂದು ದಿನ ಕೊಟ್ಟರು. ಬಂದವರು ಜಾಸ್ತಿ, ಸಾಸ್ ಕಡಿಮೆ. ಫ್ಯಾನ್‌ಗಳು ಕೌಂಟರಿನಲ್ಲಿ ನಿಂತ ಕೆಲಸದ ಹುಡುಗರ ಮೇಲೆ ಕೂಗಾಡಿದರು. ನಿನ್ನ ಆಫೀಸಿನವಳು ಹೇಳುವ ಗ್ಯಾಂಗ್ ಇದೇ. ಸರಿ, ಅವರು ಹಾಗೆ ಮಾಡಿದರು. ನೀನು ಹೋಗಿ ಕೂಗಿದೆಯಾ? ಸಂಗೀತ ಕಚೇರಿಯಲ್ಲಿ ಪಕ್ಕದಲ್ಲಿ ಕೂತವನು ಅಪಸ್ವರದಲ್ಲಿ ಜೊತೆಗೆ ಹಾಡಿದರೆ ಎದ್ದು ಬೇರೆ ಕುರ್ಚಿಗೆ ಹೋಗುತ್ತೇವೆ, ಸಂಗೀತ ಬಿಟ್ಟು ಮನೆಗೆ ಹೋಗುತ್ತೇವಾ?

ಒಂದು ಕಡೆ ಮಾತ್ರ ನನ್ನ ಲೆಕ್ಕ ಬೇರೆ. ಮಾಡುವವರೇ ಆ ಪುಂಡರ ಬೆನ್ನು ತಟ್ಟಿದರೆ, ಅವರ ಜೊತೆ ಸೇರಿ ನಟಿಯನ್ನು ಆಡಿಕೊಂಡರೆ, ಆಗ ನಾನು ಬಿಟ್ಟುಬಿಡುತ್ತೇನೆ. ಇಲ್ಲಿ ಹಾಗಾಗಿಲ್ಲ. ಇನ್ನು ನಿನಗೇ ಆ ಅಜ್ಜ ಬೇಜಾರಾದರೆ ಬಿಡು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಆಫೀಸಿನವಳು ಏನೋ ಅಂದಳು ಅಂತ ಬಿಡಬೇಡ.

ಈಗ ಮಾಡಬೇಕಾದ್ದು. ಎಕ್ಸ್‌ನಲ್ಲಿ, ಅದೇ ಹಳೇ ಟ್ವಿಟರ್‌ನಲ್ಲಿ, ಸೆಟ್ಟಿಂಗ್ಸಿಗೆ ಹೋದರೆ ಮ್ಯೂಟ್ ಮಾಡುವ ಪದಗಳು ಅಂತ ಬರುತ್ತದೆ. ಅದರಲ್ಲಿ ಶೋ ಹೆಸರು, ಪಾತ್ರಗಳ ಹೆಸರು ಹಾಕು. ಒಂದು ದಿನಕ್ಕೆ, ಒಂದು ವಾರಕ್ಕೆ, ತಿಂಗಳಿಗೆ, ಶಾಶ್ವತವಾಗಿ, ಹೇಗೆ ಬೇಕೋ ಹಾಗೆ. ಯೂಟ್ಯೂಬಿನಲ್ಲಿ ಬೈಯುವ ಚಾನೆಲ್ ಬಂದರೆ ಮೂರು ಚುಕ್ಕಿ ಒತ್ತಿ, ಈ ಚಾನೆಲ್ ತೋರಿಸಬೇಡ ಅಂತ ಇರುವುದನ್ನು ಒತ್ತು. ಸಿಟ್ಟಿನಿಂದ ಅವರಿಗೆ ಉತ್ತರ ಬರೆಯಬೇಡ. ನೀನು ಬರೆದಷ್ಟೂ ನಿನಗೆ ಇದೇ ಇಷ್ಟ ಅಂದುಕೊಂಡು ಅದು ಅಂಥದ್ದನ್ನೇ ಜಾಸ್ತಿ ತಂದು ಸುರಿಯುತ್ತದೆ. ಎಪಿಸೋಡ್ ನೋಡಿದ ಮೇಲೆ ನಿನಗೆ ಏನನ್ನಿಸಿತು ಅಂತ ಮೊದಲು ನನಗೆ ಕಳಿಸು, ನಾನು ಉತ್ತರ ಕೊಡುತ್ತೇನೆ. ಯಾರಾದರೂ ಬೆದರಿಸಿದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಬ್ಲಾಕ್ ಮಾಡು. ಶ್ವೇತಾ ಹೆದರಿ ಮೊದಲೇ ಅಳಿಸಿದ್ದಳು, ದೂರು ಕೊಡಲು ಕೈಯಲ್ಲಿ ಏನೂ ಉಳಿದಿರಲಿಲ್ಲ.

ಮ್ಯೂಟ್ ಮಾಡುವುದು ಗೊತ್ತಾಗದಿದ್ದರೆ ಅವಳಿಗೇ ಫೋನ್ ಮಾಡು, ಹೇಳಿಕೊಡುತ್ತಾಳೆ. ಈ ವಾರ ಅವಳಿಗೆ ನೈಟ್ ಶಿಫ್ಟ್, ಮಧ್ಯಾಹ್ನ ಮೂರು ಗಂಟೆ ಮೇಲೆ ಮಾಡು.